ಬಚ್ಚಿಟ್ಟ ಡಬ್ಬಿಯ ಚರಿತ್ರೆ

ಕೆಲವು ವರ್ಷಗಳ ಹಿಂದಿನ ಮಾತು. ಅಮೆರಿಕದ ಆರೆಗಾನ್ ರಾಜ್ಯದಲ್ಲಿದ್ದ ಮಗಳ ಮನೆಗೆ ನಾವು ದಂಪತಿಗಳು ಹೋಗಿದ್ದೆವು. ಒಂದು ಶುಕ್ರವಾರ ರಾತ್ರಿ ಊಟಕ್ಕೆ ಕುಳಿತಾಗ ಮೊಮ್ಮಗ, "ಅಜ್ಜಾ, ನಾಳೆ ಕ್ಯಾಷ್ ಹುಡುಕಲಿಕ್ಕೆ ಹೋಗೋಣ, ನೀನೂ ಬಾ" ಎಂದ. ಕ್ಯಾಷ್ ಎಂದರೆ ನಮಗೆ ತಿಳಿದದ್ದು ಒಂದೇ ಅರ್ಥ. ಮೂವತ್ತೈದು ವರ್ಷ ಮುಂಬಯಿಯಲ್ಲಿ ಲೆಕ್ಕಪತ್ರ ಬರೆದ ಕೈ ಇದು. ನಮ್ಮಾಕೆಯಂತೂ, "ಅಮೆರಿಕಾದಾಗ ರೊಕ್ಕ ಗಿಡದಾಗ ಬೆಳೀತದ ಅಂತ ಕೇಳಿದ್ವಿ. ಖರೇನ ಅದ ಏನು?" ಎಂದು ಕೇಳಿ ಎಲ್ಲರನ್ನೂ ನಗಿಸಿದರು.

ಮರುದಿನ ಕಾಡಿನ ಅಂಚಿನ ಒಂದು ಕಾಲುದಾರಿಯಲ್ಲಿ ಅರ್ಧ ಗಂಟೆ ನಡೆದು, ಬಿದ್ದ ಮರದ ಬುಡದಲ್ಲಿ ಪಾಚಿ ಸರಿಸಿ ಹುಡುಗ ಹೊರತೆಗೆದದ್ದು ಒಂದು ಪ್ಲಾಸ್ಟಿಕ್ ಡಬ್ಬಿ. ಒಳಗೆ ಒಂದು ಪುಟ್ಟ ನೋಟುಬುಕ್ಕು, ಮೋಟು ಪೆನ್ಸಿಲು, ಎರಡು ಮೂರು ಆಟಿಕೆ, ಒಂದು ವಿದೇಶೀ ನಾಣ್ಯ. ಅವನು ನೋಟುಬುಕ್ಕಿನಲ್ಲಿ ಹೆಸರು, ದಿನಾಂಕ ಬರೆದು, ನಮ್ಮಿಂದಲೂ ಕನ್ನಡದಲ್ಲಿ ಸಹಿ ಹಾಕಿಸಿ, ಡಬ್ಬಿಯನ್ನು ಇದ್ದಲ್ಲಿಯೇ ಇಟ್ಟು ಪಾಚಿ ಮುಚ್ಚಿದ. ಇಷ್ಟೇ ಆಟ. ಇದಕ್ಕೆ ಜಿಯೋಕ್ಯಾಷಿಂಗ್ ಎಂದು ಹೆಸರು. ಜಗತ್ತಿನಾದ್ಯಂತ ಇಂಥ ಡಬ್ಬಿಗಳು ಲಕ್ಷಗಟ್ಟಲೆ ಇವೆಯೆಂದೂ, ಈ ಆಟ ಹುಟ್ಟಿದ್ದು ಇದೇ ರಾಜ್ಯದಲ್ಲಿ, 2000ನೆಯ ಇಸವಿಯ ಮೇ 3ರಂದು ಎಂದೂ ಅವನು ಹೆಮ್ಮೆಯಿಂದ ಹೇಳಿದ.

ಬೀಗವಿಲ್ಲದ, ಕಾವಲಿಲ್ಲದ ಡಬ್ಬಿಯೊಂದು ಸಾರ್ವಜನಿಕ ಜಾಗದಲ್ಲಿ ವರ್ಷಗಟ್ಟಲೆ ಹೇಗೆ ಉಳಿಯುತ್ತದೆ ಎಂಬ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಊರಿಗೆ ಮರಳಿದ ಮೇಲೂ ಇದರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆವು. ಓದಿದಷ್ಟೂ ಮೊಮ್ಮಗ ಹೇಳಿದ ಹುಟ್ಟುದಿನ ಪೂರ್ತಿ ಸರಿಯಲ್ಲವೆಂದು ತೋರಿತು. ಆಟದ ಬೇರು ಇನ್ನೂ ಒಂದೂವರೆ ಶತಮಾನ ಹಿಂದಕ್ಕೆ ಹೋಗುತ್ತದೆ. ಅದಿರುವುದು ಇಂಗ್ಲೆಂಡಿನ ಒಂದು ಜೌಗು ಬಯಲಿನಲ್ಲಿ.

ಇಂಗ್ಲೆಂಡಿನ ನೈರುತ್ಯ ಮೂಲೆಯ ಡೆವನ್ ಪ್ರಾಂತದಲ್ಲಿ ಡಾರ್ಟ್‌ಮೂರ್ ಎಂಬ ಎತ್ತರದ ಬಯಲಿದೆ. ಷರ್ಲಾಕ್ ಹೋಮ್ಸನ ಕಥೆಗಳನ್ನು ಓದಿದವರಿಗೆ ಈ ಹೆಸರು ಹೊಸದಲ್ಲ. 1902ರಲ್ಲಿ ಪುಸ್ತಕವಾಗಿ ಬಂದ ಬಾಸ್ಕರ್‌ವಿಲ್ ಮನೆತನದ ನಾಯಿಯ ಕಥೆ ನಡೆಯುವುದು ಇಲ್ಲಿಯೇ. ಮೈಲುಗಟ್ಟಲೆ ಮರವಿಲ್ಲದ ಹುಲ್ಲು, ಕಾಲಿಟ್ಟರೆ ಕುಸಿಯುವ ಕೆಸರು, ನಡುನಡುವೆ ಟಾರ್ ಎಂದು ಕರೆಯಲ್ಪಡುವ ಕಗ್ಗಲ್ಲಿನ ಗುಡ್ಡಗಳು, ಹೇಳದೆ ಕೇಳದೆ ಕವಿಯುವ ಮಂಜು. 1951ರಲ್ಲಿ ಇದನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು. ವಿಸ್ತಾರ ಸುಮಾರು 954 ಚದರ ಕಿಲೋಮೀಟರು.

ಇದರ ಉತ್ತರ ಭಾಗದ ನಟ್ಟನಡುವೆ ಕ್ರ್ಯಾನ್ಮಿಯರ್ ಪೂಲ್ ಎಂಬ ಸ್ಥಳವಿದೆ. ಹೆಸರಿಗೆ ಕೊಳ, ನೀರು ಬಸಿದುಹೋಗಿ ಈಗ ಉಳಿದಿರುವುದು ಕಪ್ಪು ಮಣ್ಣಿನ ಒಂದು ತಗ್ಗು. ಇದಕ್ಕೊಂದು ದೆವ್ವದ ಕಥೆಯೂ ಉಂಟು. ಬೆಂಜಿ ಗಿಯರ್ ಎಂಬವನ ಪ್ರೇತ ಊರಿಗೆ ಕಾಟ ಕೊಡುತ್ತಿತ್ತಂತೆ. ಅದನ್ನು ಹಿಡಿದು, ಜರಡಿಯಿಂದ ಈ ಕೊಳದ ನೀರನ್ನೆಲ್ಲ ಮೊಗೆದು ಖಾಲಿ ಮಾಡು ಎಂದು ಕೆಲಸ ಹಚ್ಚಿದರಂತೆ. ಜರಡಿಯಲ್ಲಿ ನೀರು ನಿಲ್ಲುವುದುಂಟೇ? ಆದರೆ ಪ್ರೇತ ಜಾಣ. ಕುರಿಯ ಚರ್ಮವೊಂದನ್ನು ಜರಡಿಗೆ ಹಾಸಿ ಕೊಳವನ್ನು ಬರಿದು ಮಾಡಿಯೇಬಿಟ್ಟಿತಂತೆ. ದೆವ್ವಕ್ಕೆ ಮುಗಿಯದ ಕೆಲಸ ಕೊಟ್ಟು ಕೂಡಿಹಾಕುವ ಕಥೆಗಳನ್ನು ನಮ್ಮ ಅಜ್ಜಿಯರೂ ಹೇಳಿದ್ದಾರೆ. ಅಲ್ಲಿ ಕಂಬ ಹತ್ತಿ ಇಳಿಯುವುದು, ಇಲ್ಲಿ ಜರಡಿ ಹಿಡಿದು ಮೊಗೆಯುವುದು, ಅಷ್ಟೇ ವ್ಯತ್ಯಾಸ.

ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಪಟ್ಟಣದ ಜನ ಹವಾ ಬದಲಾವಣೆಗೆಂದು, ಪ್ರಕೃತಿಸೌಂದರ್ಯವನ್ನು ಸವಿಯಲೆಂದು ಹೊರಡುವ ರೂಢಿ ಬೆಳೆದಿತ್ತು. ಡಾರ್ಟ್‌ಮೂರಿನ ಅಂಚಿನ ಚ್ಯಾಗ್‌ಫರ್ಡ್ ಎಂಬ ಊರಿನಲ್ಲಿ ಜೇಮ್ಸ್ ಪೆರಟ್ ಎಂಬ ದಾರಿತೋರುಗನಿದ್ದ. ಇಂಥ ಯಾತ್ರಿಕರನ್ನು ಬಯಲು ದಾಟಿಸಿ ಕ್ರ್ಯಾನ್ಮಿಯರ್‌ವರೆಗೆ ಕರೆದೊಯ್ದು ಕ್ಷೇಮವಾಗಿ ಮರಳಿ ತರುವುದು ಅವನ ಜೀವನೋಪಾಯ. ಇಡೀ ದಿನ ಕೆಸರು ತುಳಿದು ಹೋದ ಮೇಲೆ ಅಲ್ಲಿ ನೋಡಲು ಏನಿದೆ? ಒಂದು ಖಾಲಿ ತಗ್ಗು. 1854ರಲ್ಲಿ ಪೆರಟ್ ಅಲ್ಲಿ ಒಂದು ಬಾಟಲಿ ಇಟ್ಟ. ಬಂದವರು ತಮ್ಮ ಹೆಸರಿನ ಚೀಟಿಯನ್ನು ಅದರಲ್ಲಿ ಹಾಕಿ ಹೋಗಬಹುದು. ಇಲ್ಲಿಯವರೆಗೆ ಬಂದಿದ್ದೆವು ಎಂಬುದಕ್ಕೆ ಸಾಕ್ಷಿ.

ಪೆರಟ್ ದೊಡ್ಡ ಯೋಜನೆ ಹಾಕಿಕೊಂಡು ಇದನ್ನು ಮಾಡಿದನೆಂದು ನಮಗೆ ಅನ್ನಿಸುವುದಿಲ್ಲ. ಗಿರಾಕಿಗಳ ಸಂತೋಷಕ್ಕೆ ಮಾಡಿದ ಒಂದು ಸಣ್ಣ ಉಪಾಯವಿರಬೇಕು. ಆದರೆ ಬಾಟಲಿ ನಿಂತಿತು. 1889ರಲ್ಲಿ ಅದರ ಜಾಗಕ್ಕೆ ತಗಡಿನ ಪೆಟ್ಟಿಗೆ ಬಂತು. 1905ರಲ್ಲಿ ಭೇಟಿಕಾರರ ಪುಸ್ತಕ ಬಂತು. 1921ರಲ್ಲಿ ಅಂದಿನ ಯುವರಾಜ, ಮುಂದೆ ಎಂಟನೆಯ ಎಡ್ವರ್ಡ್ ಎಂದು ಪಟ್ಟಕ್ಕೆ ಬಂದು ಅದನ್ನು ಬಿಟ್ಟುಕೊಟ್ಟವನು, ಅಲ್ಲಿಗೆ ಹೋಗಿ ಸಹಿ ಹಾಕಿದ. 1937ರಲ್ಲಿ ಆ ಪ್ರಾಂತದ ಪತ್ರಿಕೆಯೊಂದರ ಓದುಗರು ಹಣ ಕೂಡಿಸಿ ಕಲ್ಲಿನ ಗೂಡು ಕಟ್ಟಿಸಿದರು. ಬಾಟಲಿ, ತಗಡು, ಕಲ್ಲು: ಪ್ರತಿಯೊಂದು ಹಂತದಲ್ಲಿಯೂ ಯಾರೋ ಒಬ್ಬರು ಹಳೆಯದು ಹಾಳಾಯಿತೆಂದು ಕಂಡು, ಅಷ್ಟು ದೂರ ಹೊಸದನ್ನು ಹೊತ್ತು ನಡೆದಿದ್ದಾರೆ. ಪೆರಟನ ಹೆಸರು ಪುಸ್ತಕಗಳಲ್ಲಿ ಉಳಿದಿದೆ. ಹೊತ್ತು ನಡೆದವರ ಹೆಸರುಗಳನ್ನು ಅಷ್ಟಾಗಿ ಯಾರೂ ಹೇಳುವುದಿಲ್ಲ.

ಇದಕ್ಕೆ ಲೆಟರ್‌ಬಾಕ್ಸ್, ಅಂದರೆ ಅಂಚೆಪೆಟ್ಟಿಗೆ, ಎಂಬ ಹೆಸರು ಬಂದದ್ದು ಹೇಗೆಂಬುದು ಸ್ವಾರಸ್ಯಕರ. ಬಂದವರು ಬರಿ ಚೀಟಿ ಹಾಕುವುದನ್ನು ಬಿಟ್ಟು, ತಮ್ಮದೇ ವಿಳಾಸ ಬರೆದ ಅಂಚೆಕಾರ್ಡನ್ನು ಪೆಟ್ಟಿಗೆಯಲ್ಲಿ ಇಟ್ಟು ಹೋಗತೊಡಗಿದರು. ಮುಂದೆ ಬಂದ ಯಾತ್ರಿಕ ಅದನ್ನು ತೆಗೆದುಕೊಂಡು ಹೋಗಿ ಊರಿನ ಅಂಚೆಗೆ ಹಾಕಬೇಕು. ಕಾರ್ಡು ನಾಲ್ಕು ದಿನದಲ್ಲಿ ಮನೆ ಸೇರಿದರೆ ನಾಲ್ಕು ದಿನದೊಳಗೆ ಇನ್ನೊಬ್ಬರು ಅಲ್ಲಿಗೆ ಹೋಗಿದ್ದಾರೆಂದು ಅರ್ಥ. ಚಳಿಗಾಲ ಕಳೆದು ಬಂದರೆ ಅಷ್ಟು ಕಾಲ ಯಾರೂ ಹೋಗಿಲ್ಲವೆಂದು ಅರ್ಥ. ಮುಖ ನೋಡದ ಒಬ್ಬ ಮನುಷ್ಯ ನಮ್ಮ ಕಾಗದವನ್ನು ಹೊತ್ತು ತಂದು ಅಂಚೆಗೆ ಹಾಕುತ್ತಾನೆ ಎಂಬ ಭರವಸೆಯ ಮೇಲೆ ನಿಂತ ವ್ಯವಸ್ಥೆ ಇದು. ಊರಿಗೆ ಹೊರಟ ಪರಿಚಯದವರ ಕೈಯಲ್ಲಿ ಕಾಗದ, ಗಂಟು, ಮಾತ್ರೆ ಕಳಿಸಿ ಬದುಕಿದ ನಮ್ಮಂಥ ಪರಸ್ಥಳದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬಹಳ ಕಾಲ ಇಂಥ ಪೆಟ್ಟಿಗೆಗಳು ಬೆರಳೆಣಿಕೆಯಷ್ಟೇ ಇದ್ದವು. 1938ರಲ್ಲಿ ದಕ್ಷಿಣ ಭಾಗದ ಡಕ್ಸ್ ಪೂಲ್ ಎಂಬಲ್ಲಿ ವಿಲಿಯಂ ಕ್ರಾಸಿಂಗ್ ಅವರ ನೆನಪಿಗೆ ಒಂದು ಪೆಟ್ಟಿಗೆಯಾಯಿತು. ಈ ಕ್ರಾಸಿಂಗ್ ಜೀವಮಾನವಿಡೀ ಡಾರ್ಟ್‌ಮೂರನ್ನು ಕಾಲಲ್ಲಿ ಅಳೆದು, 1909ರಲ್ಲಿ ಅದರ ದಾರಿಗಳ ಬಗ್ಗೆ ಹೊತ್ತಿಗೆ ಬರೆದವರು. ಇಂದಿಗೂ ನಡಿಗೆಗಾರರು ಅದನ್ನು ಆಶ್ರಯಿಸುತ್ತಾರೆ. 1976ರಲ್ಲಿ ಒಬ್ಬರು ಪೆಟ್ಟಿಗೆಗಳ ನಕ್ಷೆ ಬರೆದಾಗ ಇದ್ದವು ಹದಿನೈದು ಮಾತ್ರ. ನಕ್ಷೆ ಹೊರಬಿದ್ದ ಮೇಲೆ ಕಟ್ಟೆ ಒಡೆದಂತಾಯಿತು. ಕೆಲವೇ ವರ್ಷಗಳಲ್ಲಿ ನೂರಾರು, ಬಳಿಕ ಸಾವಿರಾರು. ಪ್ರತಿಯೊಂದರಲ್ಲೂ ಒಂದು ರಬ್ಬರ್ ಮೊಹರು. ಹುಡುಕಿದವನು ಅದನ್ನು ತನ್ನ ಪುಸ್ತಕದಲ್ಲಿ ಒತ್ತಿಕೊಂಡು, ತನ್ನ ಮೊಹರನ್ನು ಪೆಟ್ಟಿಗೆಯ ಪುಸ್ತಕದಲ್ಲಿ ಒತ್ತಬೇಕು. ನೂರು ಪೆಟ್ಟಿಗೆ ಹುಡುಕಿದವರದೇ ಒಂದು ಕೂಟವೂ ಆಯಿತು.

ಜನ ಹೆಚ್ಚಿದಂತೆ ತೊಂದರೆಯೂ ಹೆಚ್ಚಿತು. ಡಾರ್ಟ್‌ಮೂರಿನಲ್ಲಿ ಸಾವಿರಾರು ವರ್ಷ ಹಿಂದಿನ ಶಿಲಾಪಂಕ್ತಿಗಳೂ ಸಮಾಧಿಗಳೂ ಇವೆ. ಹುಡುಕುವ ಭರದಲ್ಲಿ ಕಲ್ಲು ಕಿತ್ತರೆ ಚರಿತ್ರೆ ಕಿತ್ತಂತೆ. ಆದುದರಿಂದ ಪ್ರಾಚೀನ ಅವಶೇಷಗಳ ಬಳಿ ಪೆಟ್ಟಿಗೆ ಇಡಕೂಡದು, ಗಾರೆ ಬಳಸಕೂಡದು ಎಂಬಂಥ ಕಟ್ಟಳೆಗಳು ಬಂದವು. ಇನ್ನೂ ಒಂದು ವಿಚಿತ್ರವೆಂದರೆ, ಕ್ರ್ಯಾನ್ಮಿಯರ್ ಇರುವ ಉತ್ತರ ಬಯಲಿನ ದೊಡ್ಡ ಭಾಗ ಸೈನ್ಯದ ಗುಂಡಿನ ಅಭ್ಯಾಸದ ಜಾಗ. ಗುಂಡು ಹಾರಿಸುವ ದಿನ ಕೆಂಪು ಬಾವುಟ ಏರುತ್ತದೆ. ಬಾವುಟ ಇಳಿದ ಮೇಲೆ ಆಟಗಾರರು ಒಳಗೆ ಹೋಗುತ್ತಾರೆ. ಈ ಆಟದ ಎರಡನೆಯ ಅಧ್ಯಾಯ ತೆರೆದುಕೊಂಡದ್ದೂ ಹೀಗೆ ಸೈನ್ಯದ ಒಂದು ಬಾವುಟ ಇಳಿದಾಗಲೇ.

1973ರಲ್ಲಿ ಅಮೆರಿಕದ ರಕ್ಷಣಾ ಇಲಾಖೆ ಭೂಮಿಯ ಮೇಲಿನ ಯಾವುದೇ ಜಾಗವನ್ನು ಉಪಗ್ರಹಗಳಿಂದ ಗುರುತಿಸುವ ವ್ಯವಸ್ಥೆಯೊಂದನ್ನು ಕೈಗೆತ್ತಿಕೊಂಡಿತು. ಇದೇ ಇಂದು ನಮ್ಮ ನಿಮ್ಮೆಲ್ಲರ ಜೇಬಿನಲ್ಲಿರುವ ಜಿಪಿಎಸ್. ಮೊದಲ ಉಪಗ್ರಹ ಹಾರಿದ್ದು 1978ರಲ್ಲಿ. ಭೂಮಿಯಿಂದ ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ಸುತ್ತುವ ಈ ಉಪಗ್ರಹಗಳಲ್ಲಿ ಪರಮಾಣು ಗಡಿಯಾರಗಳಿವೆ. ಪ್ರತಿಯೊಂದೂ ತಾನಿರುವ ಜಾಗ ಮತ್ತು ಸಮಯವನ್ನು ಸಾರುತ್ತಲೇ ಇರುತ್ತದೆ. ಆ ಸಂದೇಶ ಬಂದು ಮುಟ್ಟಲು ಹಿಡಿದ ಕಾಲವನ್ನು ಅಳೆದರೆ ದೂರ ಸಿಗುತ್ತದೆ. ಕನಿಷ್ಠ ನಾಲ್ಕು ಉಪಗ್ರಹಗಳಿಂದ ದೂರ ಸಿಕ್ಕರೆ ನಾವಿರುವ ಸ್ಥಳ ಗೊತ್ತಾಗುತ್ತದೆ. ಒಂದು ಸೆಕೆಂಡಿನ ನೂರು ಕೋಟಿಯ ಒಂದು ಭಾಗದಷ್ಟು ಗಡಿಯಾರ ತಪ್ಪಿದರೂ ದೂರದಲ್ಲಿ ಒಂದು ಅಡಿ ವ್ಯತ್ಯಾಸ ಬೀಳುತ್ತದೆ.

1983ರ ಸೆಪ್ಟೆಂಬರ್ 1ರಂದು ದಾರಿ ತಪ್ಪಿ ಸೋವಿಯತ್ ಆಕಾಶಕ್ಕೆ ನುಗ್ಗಿದ ಕೊರಿಯದ ಪ್ರಯಾಣಿಕ ವಿಮಾನವನ್ನು ಸೋವಿಯತ್ ಯುದ್ಧವಿಮಾನ ಹೊಡೆದುರುಳಿಸಿತು. 269 ಜನ ಸತ್ತರು. ಆ ದುರಂತದ ಬೆನ್ನಿಗೇ ಅಧ್ಯಕ್ಷ ರೇಗನ್, ಈ ವ್ಯವಸ್ಥೆ ಸಿದ್ಧವಾದ ಮೇಲೆ ನಾಗರಿಕರಿಗೂ ಮುಕ್ತವಾಗಿರುತ್ತದೆಂದು ಘೋಷಿಸಿದರು. ಮುಕ್ತವೇನೋ ಆಯಿತು, ಆದರೆ ಮುಸುಕು ಹಾಕಿಕೊಂಡು. ನಾಗರಿಕರಿಗೆ ಸಿಗುವ ಸಂಕೇತದಲ್ಲಿ ಬೇಕೆಂದೇ ತಪ್ಪು ಬೆರೆಸಲಾಗುತ್ತಿತ್ತು. ಸೈನಿಕನಿಗೆ ನಿಖರವಾದ ಸ್ಥಳ. ಸಾಮಾನ್ಯನಿಗೆ ಸುಮಾರು ನೂರು ಮೀಟರಿನ ಆಚೀಚೆ. ಮಾಟುಂಗಾದಲ್ಲಿ ಒಬ್ಬರ ಮನೆ ಕೇಳಿದರೆ, ಈ ನಾಲ್ಕು ಗಲ್ಲಿಗಳಲ್ಲಿ ಎಲ್ಲೋ ಇದೆ ಎಂದು ಹೇಳಿದ ಹಾಗೆ. ಹಡಗಿಗೆ ಅದು ಸಾಕು, ಡಬ್ಬಿ ಹುಡುಕಲು ಸಾಲದು.

2000ದ ಮೇ 1ರಂದು ಅಧ್ಯಕ್ಷ ಕ್ಲಿಂಟನ್ ಈ ಮುಸುಕನ್ನು ತೆಗೆಯುವುದಾಗಿ ಪ್ರಕಟಿಸಿದರು. ಅಂದು ನಡುರಾತ್ರಿಗೆ ಅದು ಜಾರಿಗೂ ಬಂತು. ಮೇ 2ರ ಬೆಳಿಗ್ಗೆ ಎದ್ದವರ ಕೈಯಲ್ಲಿದ್ದ ಹಳೆಯ ಯಂತ್ರಗಳೇ, ಒಂದು ತಿರುಪು ಕೂಡ ಬದಲಾಗದೆ, ಸುಮಾರು ಹತ್ತು ಪಟ್ಟು ನಿಖರವಾಗಿದ್ದವು.

ಆರೆಗಾನಿನ ಡೇವ್ ಅಲ್ಮರ್ ಎಂಬ ಗಣಕಯಂತ್ರ ತಜ್ಞರಿಗೆ ಇದನ್ನು ಪರೀಕ್ಷಿಸಿ ನೋಡಬೇಕೆನ್ನಿಸಿತು. ಮೇ 3ರಂದು ಅವರು ಪೋರ್ಟ್‌ಲೆಂಡ್ ನಗರದ ಬಳಿಯ ಬೀವರ್‌ಕ್ರೀಕ್ ಸಮೀಪದ ಕಾಡಿನಲ್ಲಿ ಒಂದು ಕರಿಯ ಬಕೆಟನ್ನು ಅರೆಬರೆ ಹೂತಿಟ್ಟರು. ಒಳಗೆ ಪುಸ್ತಕ, ವೀಡಿಯೊ, ತಂತ್ರಾಂಶ, ಸ್ವಲ್ಪ ಹಣ, ಒಂದು ಕವಣೆ, ಒಂದು ಡಬ್ಬಿ ಬೇಯಿಸಿದ ಕಾಳು, ಜತೆಗೆ ಪುಸ್ತಕ ಪೆನ್ಸಿಲು. ಆ ಜಾಗದ ಅಕ್ಷಾಂಶ ರೇಖಾಂಶಗಳನ್ನು ಅಂತರ್ಜಾಲದಲ್ಲಿ ಆಸಕ್ತರ ಗುಂಪೊಂದಕ್ಕೆ ತಿಳಿಸಿದರು. ಉತ್ತರ 45 ಡಿಗ್ರಿ 17.460 ನಿಮಿಷ, ಪಶ್ಚಿಮ 122 ಡಿಗ್ರಿ 24.800 ನಿಮಿಷ. ನಿಯಮ ಒಂದೇ: ಏನಾದರೂ ತೆಗೆದುಕೊಳ್ಳಿ, ಏನಾದರೂ ಇಡಿ, ಪುಸ್ತಕದಲ್ಲಿ ಬರೆಯಿರಿ.

ಮೂರೇ ದಿನಗಳಲ್ಲಿ ಇಬ್ಬರು ಅದನ್ನು ಹುಡುಕಿದರು. ಮೊದಲಿಗರು ನೆರೆಯ ವಾಷಿಂಗ್ಟನ್ ರಾಜ್ಯದ ಮೈಕ್ ಟೀಗ್. ಅವರು ಹುಡುಕಿದ್ದಷ್ಟೇ ಅಲ್ಲ, ತಾವೂ ಬಚ್ಚಿಟ್ಟರು; ಬೇರೆ ಬೇರೆ ಕಡೆ ಜನ ಇಡುತ್ತಿದ್ದ ಡಬ್ಬಿಗಳ ಪಟ್ಟಿಯನ್ನೂ ಬರೆದಿಡಲು ಆರಂಭಿಸಿದರು. ಮೇ ಕೊನೆಗೆ ಮ್ಯಾಟ್ ಸ್ಟಮ್ ಎಂಬವರು ಜಿಯೋಕ್ಯಾಷಿಂಗ್ ಎಂಬ ಹೆಸರು ಸೂಚಿಸಿದರು. ಜಿಯೋ ಎಂದರೆ ಭೂಮಿ. ಕ್ಯಾಷ್ ಎಂಬುದು ಅಡಗಿಸು ಎಂಬ ಅರ್ಥದ ಫ್ರೆಂಚ್ ಮೂಲದ ಮಾತು. ಉತ್ತರ ಅಮೆರಿಕದ ಕಾಡುಗಳಲ್ಲಿ ತುಪ್ಪಳದ ವ್ಯಾಪಾರ ಮಾಡುತ್ತಿದ್ದವರು ಮರಳಿ ಬರುವ ದಾರಿಗೆ ಬೇಕೆಂದು ಅಡಗಿಸಿಡುತ್ತಿದ್ದ ದಿನಸಿಗೆ ಹಾಗೆನ್ನುತ್ತಿದ್ದರು. ನಮ್ಮಾಕೆಯ ರೊಕ್ಕಕ್ಕೂ ಇದಕ್ಕೂ ಸಂಬಂಧವಿಲ್ಲ. ಅದೇ ವರ್ಷ ಸೆಪ್ಟೆಂಬರ್ 2ರಂದು ಸಿಯಾಟಲ್ ನಗರದ ಜೆರೆಮಿ ಐರಿಷ್ ಎಂಬವರು ಈ ಪಟ್ಟಿಯನ್ನು ಹೊಸ ಅಂತರ್ಜಾಲ ತಾಣಕ್ಕೆ ಏರಿಸಿದಾಗ ಇಡೀ ಜಗತ್ತಿನಲ್ಲಿ ಗೊತ್ತಿದ್ದ ಡಬ್ಬಿಗಳು 75. 2010ರಲ್ಲಿ ಅವು ಹತ್ತು ಲಕ್ಷವಾದವು. 2017ರ ಹೊತ್ತಿಗೆ ಮೂವತ್ತು ಲಕ್ಷ. ಡಾರ್ಟ್‌ಮೂರಿನ ನಕ್ಷೆಯ ಕಥೆಯೇ ಇಲ್ಲಿಯೂ. ಬಚ್ಚಿಡುವವರಿಗಿಂತ ಪಟ್ಟಿ ಬರೆಯುವವರು ಆಟವನ್ನು ಬೆಳೆಸಿದರು ಎಂದರೆ ತಪ್ಪಾಗಲಾರದು.

2008ರಲ್ಲಿ ರಿಚರ್ಡ್ ಗ್ಯಾರಿಯಟ್ ಎಂಬವರು ಸ್ವಂತ ಖರ್ಚಿನಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗಿ ಅಲ್ಲಿಯೂ ಒಂದನ್ನು ಸ್ಥಾಪಿಸಿ ಬಂದರು. ಅದನ್ನು ಹುಡುಕಿದೆವೆಂದು ಹೇಳಬಲ್ಲವರು ವಿರಳ. ಇಂಥ ಚಮತ್ಕಾರಗಳು ಪತ್ರಿಕೆಗಳಿಗೆ ಚೆನ್ನ. ನಮಗೆ ಹಿಡಿಸಿದ್ದು ಆಟದ ನೆಲದ ಮೇಲಿನ ವ್ಯವಹಾರ.

ಹುಡುಕುವುದು ಸುಲಭವೆಂದು ತಿಳಿಯಬೇಡಿ. ಯಂತ್ರ ನಮ್ಮನ್ನು ಐದಾರು ಮೀಟರಿನ ಸಮೀಪಕ್ಕೆ ತಂದು ಕೈಬಿಡುತ್ತದೆ. ಆ ಮೇಲೆ ಕಣ್ಣು, ಕೈ, ತಾಳ್ಮೆ. ಮದ್ದುಗುಂಡು ತುಂಬುವ ಕಬ್ಬಿಣದ ಪೆಟ್ಟಿಗೆಯಿಂದ ಹಿಡಿದು ಫೋಟೋ ಫಿಲಂ ಇಡುತ್ತಿದ್ದ ಡಬ್ಬಿಯವರೆಗೆ, ಕೊನೆಗೆ ಅಂಗಿಯ ಗುಂಡಿಯಷ್ಟು ಸಣ್ಣವೂ ಇವೆ. ಒಂದು ಸಲ ಬೇಲಿಯ ಕಂಬವೊಂದರ ಸುತ್ತ ನಾವು ಮೂವರೂ ಮುಕ್ಕಾಲು ಗಂಟೆ ಸುತ್ತಿದೆವು. ಕೊನೆಗೆ ನಮ್ಮಾಕೆ, "ಈ ಮೊಳಿ ಒಂದಽ ಯಾಕ ತುಕ್ಕು ಹಿಡಿದಿಲ್ಲ?" ಎಂದು ಎಳೆದರು. ಮೊಳೆಯ ತಲೆಯ ಹಿಂದೆ ಸುರುಳಿ ಸುತ್ತಿದ ಕಾಗದವಿತ್ತು. ಅಕ್ಕಿಯಲ್ಲಿ ಕಲ್ಲು ಆರಿಸಿದ ಕಣ್ಣಿಗೆ ಉಪಗ್ರಹ ಸಾಟಿಯಲ್ಲ.

ಆಟ ಗೊತ್ತಿಲ್ಲದ ದಾರಿಹೋಕರು ಬಂದರೆ ಮಾತ್ರ ಏನೂ ನಡೆಯದವರಂತೆ ನಿಲ್ಲಬೇಕು. ಈ ಗುಟ್ಟುತನ ಒಮ್ಮೊಮ್ಮೆ ಎಡವಟ್ಟು ಮಾಡುವುದೂ ಉಂಟು. 2011ರಲ್ಲಿ ಇಂಗ್ಲೆಂಡಿನ ವೆದರ್ಬಿ ಎಂಬ ಪಟ್ಟಣದಲ್ಲಿ ಒಬ್ಬಾತ ಹೂಕುಂಡದ ಕೆಳಗೆ ಏನೋ ಸಿಕ್ಕಿಸುವುದನ್ನು ಕಂಡವರು ಪೋಲೀಸರಿಗೆ ಹೇಳಿದರು. ಬೀದಿ ಬಂದಾಗಿ, ಬಾಂಬು ದಳ ಬಂದು ಆ ನಿರಪರಾಧಿ ಡಬ್ಬಿಯನ್ನು ಸ್ಫೋಟಿಸಿತು. ನಗಬಹುದು. ಆದರೆ 1993ನ್ನೂ 2006ರ ಜುಲೈ 11ನ್ನೂ ಕಂಡ ಮುಂಬಯಿಯವರಿಗೆ ಈ ನಗು ಪೂರ್ತಿ ಬರುವುದಿಲ್ಲ. ವಾರಸುದಾರರಿಲ್ಲದ ವಸ್ತುಗಳನ್ನು ಮುಟ್ಟಬೇಡಿ ಎಂದು ದಿನವೂ ಲೋಕಲ್ ಗಾಡಿಯಲ್ಲಿ ಕೇಳುವ ನಾವು ದಾದರ್ ಸ್ಟೇಷನ್ನಿನ ಬೆಂಚಿನ ಕೆಳಗೆ ಡಬ್ಬಿ ಕಂಡರೆ ಓಡುತ್ತೇವೆ, ಓಡಬೇಕು ಕೂಡ. ಎಲ್ಲ ಆಟವೂ ಎಲ್ಲ ಜಾಗಕ್ಕೂ ಅಲ್ಲ.

ಬಚ್ಚಿಡುವುದಕ್ಕೂ ಶಿಸ್ತಿದೆ. ಜಾಗದ ಒಡೆಯರ ಒಪ್ಪಿಗೆ ಬೇಕು. ಒಂದು ಡಬ್ಬಿಗೂ ಇನ್ನೊಂದಕ್ಕೂ 161 ಮೀಟರಾದರೂ ಅಂತರ ಬೇಕು. ಹೊಸ ಡಬ್ಬಿಯನ್ನು ಪಟ್ಟಿಗೆ ಸೇರಿಸುವ ಮುನ್ನ ಸಂಬಳವಿಲ್ಲದೆ ದುಡಿಯುವ ಸ್ವಯಂಸೇವಕರು ಪರಿಶೀಲಿಸುತ್ತಾರೆ. ಒಡೆಯರ ಸ್ಪಷ್ಟ ಒಪ್ಪಿಗೆಯಿಲ್ಲದೆ ನೆಲ ಅಗೆದು ಹೂಳುವಂತಿಲ್ಲ. ತಿನ್ನುವ ಪದಾರ್ಥ ಇಡುವಂತಿಲ್ಲ. ವಾಸನೆಗೆ ಪ್ರಾಣಿಗಳು ಬಂದು ಡಬ್ಬಿಯನ್ನು ಕಡಿದುಹಾಕುತ್ತವೆ. ನಮ್ಮಾಕೆ ಊರಿನಿಂದ ತಂದ ಕೋಡುಬಳೆಯ ಪೊಟ್ಟಣವೊಂದನ್ನು ಇಡಲು ಹೊರಟಾಗ ಮೊಮ್ಮಗ ಈ ನಿಯಮ ಹೇಳಿ ತಡೆದ. ಮುಂದೆ ಓದುವಾಗ ನಮಗೆ ಹೊಳೆಯಿತು: ಮೂಲಪುರುಷರಾದ ಅಲ್ಮರ್ ಅವರೇ ತಮ್ಮ ಬಕೆಟನ್ನು ಹೂತಿದ್ದರು, ಒಳಗೆ ಕಾಳಿನ ಡಬ್ಬಿ ಇಟ್ಟಿದ್ದರು! ಇಂದಿನ ಕಟ್ಟಳೆಯ ಪ್ರಕಾರ ಆಟದ ಮೊದಲ ಡಬ್ಬಿಗೇ ಪ್ರವೇಶವಿಲ್ಲ. ಕೋಡುಬಳೆಯ ಬದಲು ಚನ್ನಪಟ್ಟಣದ ಪುಟ್ಟ ಬುಗುರಿಯೊಂದನ್ನು ಇಟ್ಟು ಬಂದೆವು.

ಇನ್ನು ಕಾಪಾಡುವುದು. ಇದನ್ನು ಆಟವೆನ್ನುವುದಕ್ಕಿಂತ ದುಡಿಮೆ ಎನ್ನಬೇಕು. ಮಳೆಗೆ ಪುಸ್ತಕ ತೊಯ್ಯುತ್ತದೆ, ಮುಚ್ಚಳ ಸೀಳುತ್ತದೆ, ಮರ ಬೀಳುತ್ತದೆ, ಯಾರೋ ಕದಿಯುತ್ತಾರೆ. ಹುಡುಕಿ ಸಿಗದವರು ಸಿಗಲಿಲ್ಲವೆಂದು ಬರೆಯುತ್ತಾರೆ. ಇಟ್ಟವನು ಹೋಗಿ ನೋಡಿ ಸರಿಪಡಿಸಬೇಕು. ಪಡಿಸದಿದ್ದರೆ ಎಚ್ಚರಿಕೆ ಬರುತ್ತದೆ, ಬಳಿಕ ಪಟ್ಟಿಯಿಂದ ಹೆಸರು ಹೋಗುತ್ತದೆ. ನಾವು ಹುಡುಕಿದ ಡಬ್ಬಿಗಳಲ್ಲಿ ಒಂದು ಬರಿಯ ಕೆಸರುನೀರಿನ ಪಾತ್ರೆಯಾಗಿತ್ತು. ಇಟ್ಟವರು ಉತ್ಸಾಹ ಕಳೆದು ಕೈಬಿಟ್ಟಿದ್ದರು. ಬಚ್ಚಿಡುವುದಕ್ಕೆ ಒಂದು ಮಧ್ಯಾಹ್ನ ಸಾಕು. ನಮ್ಮ ಕನ್ನಡ ಸಂಘಗಳನ್ನು ಹತ್ತಿರದಿಂದ ಕಂಡವರಿಗೆ ಈ ಮಾತಿನ ಅರ್ಥವಾದೀತು; ಉದ್ಘಾಟನೆಯ ಫೋಟೋದಲ್ಲಿ ನಿಂತವರೆಷ್ಟು, ಗ್ರಂಥಾಲಯದ ಬೀಗ ತೆಗೆಯಲು ಭಾನುವಾರ ಬೆಳಿಗ್ಗೆ ಬರುವವರೆಷ್ಟು!

ಅಲ್ಮರ್ ಅವರ ಬಕೆಟು ಇಂದು ಇಲ್ಲ. 2003ರಲ್ಲಿ ಅಲ್ಲಿ ಒಂದು ಸ್ಮಾರಕ ಫಲಕ ಹಾಕಿದರು. ಆ ಕಾಳಿನ ಡಬ್ಬಿ ಮಾತ್ರ ಉಳಿದು, ಆಟಗಾರರ ಕೂಟಗಳಲ್ಲಿ ಉತ್ಸವಮೂರ್ತಿಯಂತೆ ಪ್ರದರ್ಶನಗೊಂಡದ್ದುಂಟು. ಬಕೆಟಿನ ಎಂಟು ದಿನಗಳ ಬಳಿಕ, 2000ದ ಮೇ 11ರಂದು, ಕ್ಯಾನ್ಸಸ್ ರಾಜ್ಯದ ಮಿಂಗೊ ಎಂಬಲ್ಲಿ ಹೆದ್ದಾರಿಯ ಪಕ್ಕ ಇಟ್ಟ ಡಬ್ಬಿಯೇ ಆಟದಲ್ಲಿ ಉಳಿದವುಗಳಲ್ಲಿ ಅತ್ಯಂತ ಹಳೆಯದೆಂದು ಹೆಸರಾಗಿದೆ. ಅದನ್ನು ಹುಡುಕಲೆಂದೇ ಜನ ಅಷ್ಟು ದೂರ ಹೋಗುತ್ತಾರೆ.

ಕನ್ನಡನಾಡಿನ ಚರಿತ್ರೆ ಬಲ್ಲವರಿಗೆ ಇಲ್ಲಿ ಇನ್ನೊಂದು ನೆನಪು ಬರಬಹುದು. ನಮ್ಮ ದಾನಶಾಸನಗಳಲ್ಲಿ ಭೂಮಿಯೊಡನೆ ಅಷ್ಟಭೋಗಗಳನ್ನೂ ಧಾರೆಯೆರೆದು ಕೊಡುವ ವಾಡಿಕೆ. ನಿಧಿ, ನಿಕ್ಷೇಪ, ಜಲ, ಪಾಷಾಣ ಎಂದು ಮೊದಲಾಗುವ ಆ ಪಟ್ಟಿಯಲ್ಲಿ ಮೊದಲೆರಡೂ ಅಡಗಿಸಿದ ಧನಕ್ಕೇ ಸಂಬಂಧಿಸಿದವು. ನೆಲದಲ್ಲಿ ಸಿಕ್ಕಿದ್ದು ಯಾರದು ಎಂಬ ಪ್ರಶ್ನೆ ಅಷ್ಟು ಹಳೆಯದು. ಬ್ರಿಟಿಷರು 1878ರಲ್ಲಿ ಮಾಡಿದ ಕಾಯಿದೆಯಂತೆ ನೆಲದಲ್ಲಿ ಅಡಗಿದ್ದು ಹತ್ತು ರೂಪಾಯಿ ಮೀರಿದ ಬೆಲೆಯದು ಸಿಕ್ಕರೆ ಕಲೆಕ್ಟರರಿಗೆ ತಿಳಿಸಬೇಕು. ಕಾಯಿದೆ ಇದ್ದೂ ನಿಧಿಗಳ್ಳರು ಹಾಳು ಗುಡಿಗಳ ಗರ್ಭಗೃಹ ಅಗೆದದ್ದು, ಲಿಂಗ ಕಿತ್ತದ್ದು, ನಂದಿ ಒಡೆದದ್ದು ನಮ್ಮ ಊರುಕಡೆಯ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುವ ಸುದ್ದಿ. ಅಡಗಿದ್ದನ್ನು ಹುಡುಕುವ ಆಸೆ ಎರಡು ಕಡೆಯೂ ಒಂದೇ. ಅಲ್ಲಿ ಡಬ್ಬಿಯಲ್ಲಿ ಬೆಲೆಬಾಳುವುದು ಏನೂ ಇಲ್ಲವೆಂದು ಮೊದಲೇ ಎಲ್ಲರಿಗೂ ಗೊತ್ತಿರುವುದರಿಂದಲೇ ಡಬ್ಬಿ ಉಳಿಯುತ್ತದೆಯೋ ಏನೋ.

ಉಪಗ್ರಹಗಳ ವಿಷಯದಲ್ಲಿ ಮಾತ್ರ ಕನ್ನಡನಾಡಿನ ನಂಟು ನೇರವಾದದ್ದು. ಭಾರತ ತನ್ನದೇ ದಾರಿತೋರುವ ಉಪಗ್ರಹಗಳನ್ನು 2013ರ ಜುಲೈ 1ರಿಂದ ಹಾರಿಸತೊಡಗಿ, 2016ರ ಏಪ್ರಿಲ್ 28ರಂದು ಏಳನೆಯದನ್ನು ಕಕ್ಷೆಗೆ ಸೇರಿಸಿತು. ನಾವಿಕ್ ಎಂದು ಅದಕ್ಕೆ ಹೆಸರಿಟ್ಟರು. ಅದರ ಸಂಚಾರಕೇಂದ್ರ ಬೆಂಗಳೂರಿನ ಬಳಿಯ ಬ್ಯಾಲಾಳು ಗ್ರಾಮದಲ್ಲಿ 2013ರಲ್ಲಿ ಆರಂಭವಾಯಿತು; ಉಪಗ್ರಹಗಳ ಮೇಲ್ವಿಚಾರಣೆಯಲ್ಲಿ ಹಾಸನದ ನಿಯಂತ್ರಣ ಕೇಂದ್ರಕ್ಕೂ ಪಾಲಿದೆ. ಇದನ್ನು ಹೇಳಿದಾಗ ಮೊಮ್ಮಗ ಹಾಸನ ಎಲ್ಲಿದೆ ಎಂದು ಕೇಳಿ, ನಕ್ಷೆಯಲ್ಲಿ ಗುರುತು ಹಾಕಿಕೊಂಡ.

ಆ ಬೇಸಗೆಯಲ್ಲಿ ಅವನು ತಾನೂ ಒಂದು ಡಬ್ಬಿ ಇಟ್ಟ. ಬಡಾವಣೆಯ ಉದ್ಯಾನದವರ ಒಪ್ಪಿಗೆಗೆ ಅವನಪ್ಪ ಪತ್ರ ಬರೆದರು. ಮುಚ್ಚಳಕ್ಕೆ ರಬ್ಬರಿನ ಅಂಚಿರುವ, ನೀರು ಹೋಗದ ಡಬ್ಬಿ ಆರಿಸಿದ್ದು ಅವನಜ್ಜಿ. ಉಪ್ಪಿನಕಾಯಿ ಕಟ್ಟಿ ಸಾಗಿಸಿದ ಅನುಭವ. ಮೂರು ವರ್ಷ ಅವನು ಅದನ್ನು ಚೆನ್ನಾಗಿ ನೋಡಿಕೊಂಡ. ಮಳೆಗಾಲ ಮುಗಿದೊಡನೆ ಪುಸ್ತಕ ಬದಲಿಸಿದ್ದನ್ನು ಫೋನಿನಲ್ಲಿ ನಮಗೆ ವರದಿ ಮಾಡುತ್ತಿದ್ದ. ಆಮೇಲೆ ಅಳಿಯನಿಗೆ ಬೇರೆ ರಾಜ್ಯಕ್ಕೆ ವರ್ಗವಾಯಿತು. ಮನೆ ಖಾಲಿ ಮಾಡುವ ವಾರ ಹುಡುಗ ಎಲ್ಲಕ್ಕಿಂತ ಹೆಚ್ಚು ಚಿಂತಿಸಿದ್ದು ಆ ಡಬ್ಬಿಯ ಬಗ್ಗೆ. ಎರಡು ಸಾವಿರ ಮೈಲು ದೂರದಿಂದ ಅದನ್ನು ನೋಡಿಕೊಳ್ಳುವವರು ಯಾರು? ತೆಗೆದುಬಿಡು ಎಂದು ಮಗಳು ಹೇಳಿದಳು. ಅವನು ಒಪ್ಪಲಿಲ್ಲ. ಧಾರವಾಡದ ನಮ್ಮ ಹಿರಿಯರ ಮನೆಗೆ ಬೀಗ ಹಾಕಿ, ವರ್ಷಕ್ಕೊಮ್ಮೆ ಹೋಗಿ ಹಂಚು ಬದಲಿಸುತ್ತೇವೆಂದು ಅಣ್ಣತಮ್ಮಂದಿರು ಮಾತಾಡಿಕೊಂಡ ದಿನ ನಮಗೆ ನೆನಪಾಯಿತು. ಹಂಚು ಬದಲಿಸಿದ್ದು ಎರಡು ವರ್ಷ ಮಾತ್ರ.

ಈ ಆಟದಲ್ಲಿ ದತ್ತು ಕೊಡುವ ಪದ್ಧತಿಯಿದೆ. ಇಟ್ಟವನು ಬೇರೊಬ್ಬರಿಗೆ ವಹಿಸಿಕೊಡಬಹುದು. ಡಬ್ಬಿಯ ಹಳೆಯ ದಿನಾಂಕವೂ ಹುಡುಕಿದವರ ದಾಖಲೆಯೂ ಹಾಗೆಯೇ ಮುಂದುವರಿಯುತ್ತವೆ. ಎರಡು ಬೀದಿ ಆಚೆ ಇದ್ದ, ನಿವೃತ್ತ ಶಾಲಾ ಶಿಕ್ಷಕಿಯೊಬ್ಬರು ಒಪ್ಪಿಕೊಂಡರು. ಅವನು ಅವರನ್ನು ಕರೆದೊಯ್ದು ಜಾಗ ತೋರಿಸಿ, ಮುಚ್ಚಳ ಯಾವ ಕಡೆಗೆ ತಿರುಗಿಸಿದರೆ ಗಟ್ಟಿಯಾಗುತ್ತದೆಂದು ಎರಡು ಸಲ ಮಾಡಿ ತೋರಿಸಿದನಂತೆ. ಹೋದ ಚಳಿಗಾಲದಲ್ಲಿ ಅವರು ಪುಸ್ತಕ ಬದಲಿಸಿದರು. ತುಂಬಿದ ಹಳೆಯ ಪುಸ್ತಕವನ್ನು ಅಂಚೆಯಲ್ಲಿ ಮೊಮ್ಮಗನಿಗೆ ಕಳಿಸಿದ್ದಾರೆ. ಹೊಸದರ ಮೊದಲ ಪುಟದಲ್ಲಿ ಡಬ್ಬಿ ಇಟ್ಟ ದಿನಾಂಕ, ಅವನ ಹೆಸರು ಬರೆದು, ಅದರ ಕೆಳಗೆ ತಮ್ಮ ಹೆಸರು ಬರೆದಿದ್ದಾರಂತೆ.